ದೊಡ್ಡಪ್ಪನವರ ಐದು ವಿಮಾನಗಳು

ನಮ್ಮ ದೊಡ್ಡಪ್ಪನವರು ತಮ್ಮ ಬಾಳಿನುದ್ದಕ್ಕೂ ಹೇಳುತ್ತಿದ್ದ ಒಂದು ಮಾತನ್ನು ನಮ್ಮ ಮನೆತನದಲ್ಲಿ ಯಾರೂ ಮನಸ್ಸಿಟ್ಟು ಕೇಳಿರಲಿಲ್ಲ. “ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ನಾವು ಐದು ಕಾದಾಟದ ವಿಮಾನ ಕಟ್ಟಿದೆವು” ಎಂಬುದೇ ಆ ಮಾತು. ಹಬ್ಬ ಹುಣ್ಣಿಮೆಗಳಲ್ಲಿ ಬಂಧುಬಳಗ ಕೂಡಿದಾಗ ಅವರು ಇದನ್ನು ಹೇಳುವುದು, ಸೋದರಮಾವನೊಬ್ಬರು “ಐದೇನಾ? ಐದು ಗಾಡಿ ಕಟ್ಟೋಕೆ ನಮ್ಮೂರ ಆಚಾರೀನೇ ಸಾಕಾಗಿತ್ತಲ್ಲ ಭಾವ” ಎಂದು ನಗಿಸುವುದು, ದೊಡ್ಡಪ್ಪನವರೂ ನಕ್ಕು ಸುಮ್ಮನಾಗುವುದು, ಇದು ವರ್ಷಕ್ಕೆರಡು ಬಾರಿ ನಡೆಯುತ್ತಿತ್ತು. ಸುಳ್ಳು ಹೇಳುವವರು ಐನೂರು ಎನ್ನುತ್ತಾರೆಯೇ ಹೊರತು ಐದು ಎನ್ನುವುದಿಲ್ಲ ಎಂಬ ಸಣ್ಣ ವಿವೇಕ ನಮಗಾರಿಗೂ ಆಗ ಹೊಳೆಯಲಿಲ್ಲ. 1994ರಲ್ಲಿ ಅವರು ಲಿಂಗೈಕ್ಯರಾದರು. ಆ ಮಾತೂ ಅಲ್ಲಿಗೇ ನಿಂತಿತು.

ಮಾಗಡಿ ತಾಲ್ಲೂಕಿನ ಹಳ್ಳಿಯಿಂದ 18ನೆಯ ವಯಸ್ಸಿನಲ್ಲಿ, 1941ರಲ್ಲಿ, ಬೆಂಗಳೂರಿನ ಕಾರ್ಖಾನೆಗೆ ಹೋದವರು ಅವರು. ಮೈಕಟ್ಟು ತೀರ ಸಣ್ಣದಾದ್ದರಿಂದ ವಿಮಾನದ ಒಡಲೊಳಗೆ ನುಸುಳುವ ಕೆಲಸ ಅವರ ಪಾಲಿಗೆ ಬಂತಂತೆ. ಹೊರಗೆ ನಿಂತ ಕೆಲಸಗಾರ ತಗಡಿನ ತೂತಿಗೆ ರಿವೆಟ್ಟು ತೂರಿಸಿ ಬಡಿಯುತ್ತಾನೆ. ಒಳಗೆ ಕುಳಿತವನು ಆ ರಿವೆಟ್ಟಿನ ಬಾಲಕ್ಕೆ ಒಂದು ಉಕ್ಕಿನ ತುಂಡನ್ನು ಒತ್ತಿ ಹಿಡಿಯಬೇಕು. ಒಳಗಿನ ಕೈ ಅಲುಗಿದರೆ ಹೊರಗಿನ ಏಟು ವ್ಯರ್ಥ. ಹೊರಗಿನವನ ಮುಖ ಕಾಣುವುದಿಲ್ಲ, ತಟ್ಟಿದ ಸದ್ದೇ ಮಾತು. ಇಷ್ಟನ್ನು ನಾವು ಬಾಲ್ಯದಲ್ಲಿ ಕೇಳಿದ್ದೆವು; ಮಿಕ್ಕಿದ್ದನ್ನು ಕೇಳಿ ತಿಳಿಯಬಹುದಾಗಿದ್ದ ಕಾಲದಲ್ಲಿ ಕೇಳದೆ ಹೋದೆವು.

ಕೆಲವು ವರ್ಷಗಳ ಹಿಂದೆ ಹಳೆಯ ವಿಮಾನಗಳ ಇತಿಹಾಸದ ಪುಸ್ತಕವೊಂದನ್ನು ಓದುತ್ತಿದ್ದಾಗ ಆ ಐದು ನಮ್ಮ ಕಣ್ಣಿಗೆ ಬಿದ್ದವು. ಅಮೆರಿಕದ ಕರ್ಟಿಸ್ ಕಂಪನಿಯ ಹಾಕ್-75 ಎಂಬ ಯುದ್ಧವಿಮಾನ. ಬೆಂಗಳೂರಿನಲ್ಲಿ ಜೋಡಿಸಿದ ಮೊದಲನೆಯದು ಹಾರಿದ್ದು 1942ರ ಜುಲೈ 31ರಂದು. ಅನಂತರ ಇನ್ನು ನಾಲ್ಕು ಪೂರೈಸಿದ ಮೇಲೆ ಯೋಜನೆಯನ್ನು ಕೈಬಿಡಲಾಯಿತು. ಒಂದು ಮತ್ತು ನಾಲ್ಕು. ಪುಸ್ತಕವನ್ನು ಮಡಿಸಿಟ್ಟು ಬಹಳ ಹೊತ್ತು ಕುಳಿತಿದ್ದೆವು.

ವಾಚಕರಲ್ಲಿ ಕಿರಿಯರಿಗೆ ಆ ಕಾಲದ ಹಿನ್ನೆಲೆ ತಿಳಿದಿರಲಿಕ್ಕಿಲ್ಲ. ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಮಿರ್ಜಾ ಇಸ್ಮಾಯಿಲರು ಆಗ ದಿವಾನರು. ಸಂಸ್ಥಾನವು 25 ಲಕ್ಷ ರೂಪಾಯಿಗಳನ್ನು ತೊಡಗಿಸಿದ್ದಲ್ಲದೆ ಭೂಮಿಯನ್ನೂ ಒದಗಿಸಿತು. ಯಂತ್ರವಿದ್ಯೆಯ ಕಡೆಯಿಂದ ನೆರವಾದವರು ವಿಲಿಯಂ ಪಾಲಿ ಎಂಬ ಅಮೆರಿಕನ್ನರು. ಬರ್ಮಾ ಗಡಿಯ ಸಮೀಪ ಚೀನಾದ ಲೋಯಿವಿಂಗ್ ಎಂಬಲ್ಲಿ ಅವರು ವಿಮಾನ ಕಾರ್ಖಾನೆ ನಡೆಸುತ್ತಿದ್ದರು. ಅದರ ಮೇಲೆ ಜಪಾನೀಯರ ಬಾಂಬುಗಳು ಬಿದ್ದವು. ಅಲ್ಲಿ ತಯಾರಾಗಬೇಕಿದ್ದ ಹಾಕ್‌ಗಳ ಕೆಲಸವೇ ಬೆಂಗಳೂರಿಗೆ ಬಂದದ್ದು. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿಂದ ಹೊರಬಂತು, ಮರುವರ್ಷ ಹಾಕ್. 48 ಹಾಕ್‌ಗಳಿಗೆ ಬೇಡಿಕೆಯಿತ್ತು. ಆದರೆ 1942ರಲ್ಲಿ ಸರ್ಕಾರವು ವಾಲಚಂದರ ಪಾಲನ್ನು ಕೊಂಡಿತು. ಯುದ್ಧ ಬರ್ಮಾದವರೆಗೆ ಬಂದಿದ್ದುದರಿಂದ, ಹೊಸದನ್ನು ಕಟ್ಟುವುದಕ್ಕಿಂತ ಇದ್ದುದನ್ನು ದುರಸ್ತಿ ಮಾಡುವ ಕಾರ್ಯಕ್ಕೇ ಕಾರ್ಖಾನೆ ಬೇಕಾಯಿತು. 1943ರಲ್ಲಿ ಅದು ಅಮೆರಿಕದ ಸೇನೆಯ ಆಡಳಿತಕ್ಕೆ ಹೋಯಿತು. ನೀರಿನ ಮೇಲಿಳಿಯುವ ಕ್ಯಾಟಲಿನಾಗಳೂ ಸರಕು ಹೊರುವ ಡಕೋಟಾಗಳೂ ಅಲ್ಲಿ ರಿಪೇರಿಯಾದವು. ನಮ್ಮ ದೇಶದವರೇ ವಿನ್ಯಾಸ ಮಾಡಿದ ಎಚ್‌ಟಿ-2 ಹಾರಿದ್ದು 1951ರ ಆಗಸ್ಟ್‌ನಲ್ಲಿ. ಸಾಮಾನ್ಯವಾಗಿ ನಮ್ಮ ಮಕ್ಕಳಿಗೆ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ.

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ 2001ರಲ್ಲಿ ಆರಂಭವಾದ ಎಚ್‌ಎಎಲ್ ಸಂಗ್ರಹಾಲಯಕ್ಕೆ ಮೊಮ್ಮಗನನ್ನು ಕರೆದುಕೊಂಡು ಹೋದೆವು. ಎಚ್‌ಟಿ-2 ನೋಡಿದೆವು, ಮಾರುತ್ ನೋಡಿದೆವು. ಹಾಕ್ ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ. ಮರಳುವ ದಾರಿಯಲ್ಲಿ, ರಾಮನಗರದ ರೈಲಿನಲ್ಲಿ, ಡಿಪ್ಲೊಮಾ ಓದುತ್ತಿರುವ ಆ ಹುಡುಗ ಹೇಳಿದ: “ತಾತ, ಇಲ್ಲದಿದ್ದರೆ ನಾವೇ ಕಟ್ಟೋಣ. ಅದರ ಕಿಟ್ ಸಿಗುತ್ತೆ.”

ಕನಕಪುರದಲ್ಲಿ ಮಗಳ ಮನೆಯಲ್ಲಿರುವ ನಮ್ಮ ದೊಡ್ಡಮ್ಮನವರಿಗೆ 90 ದಾಟಿದೆ. ಕಣ್ಣು ಹೆಚ್ಚುಕಡಿಮೆ ಹೋಗಿದೆ. ಗಂಡನ ಮಾತು ನಿಜವಾಗಿತ್ತೆಂದು ಬಾಯಲ್ಲಿ ಹೇಳುವುದಕ್ಕಿಂತ ಅವರ ಕೈಯಲ್ಲಿ ಇಡುವುದೇ ಸರಿಯೆಂದು ನಮಗೂ ತೋರಿತು.

ಕಿಟ್ ಎಂದರೆ ಏನೆಂದು ಹೇಳಬೇಕು. ನಿಜವಾದ ವಿಮಾನದ ಅಳತೆಯನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು ಪೆಟ್ಟಿಗೆಯಲ್ಲಿ ಕೊಡುತ್ತಾರೆ. ಕತ್ತರಿಸಿ, ಅಂಟಿಸಿ, ಬಣ್ಣ ಬಳಿಯುವುದು ಕೊಂಡವರ ಕೆಲಸ. ದೊಡ್ಡ ಕಂಪನಿಗಳು ಗಟ್ಟಿ ಉಕ್ಕಿನ ಅಚ್ಚು ಮಾಡಿಸುತ್ತವೆ. ಅದಕ್ಕೆ ಅಪಾರ ಹಣ ಬೇಕು. ಆದ್ದರಿಂದ ಎಲ್ಲರೂ ಬಲ್ಲ ವಿಮಾನಗಳನ್ನೇ ಅವು ಆರಿಸಿಕೊಳ್ಳುತ್ತವೆ. ಕೆಲವರೇ ಕೇಳುವ ವಿಮಾನಗಳನ್ನು ಮಾಡುವವರು ಸಣ್ಣ ಕಾರ್ಖಾನೆಯವರು, ಅದರಲ್ಲೂ ಚೆಕ್ ದೇಶದವರು. ಅವರ ಅಚ್ಚು ಅಗ್ಗದ್ದು, ಒತ್ತಡ ಕಡಿಮೆ, ಕೆಲವು ಸಾವಿರ ಪೆಟ್ಟಿಗೆಗಳಿಗೆಲ್ಲ ಅಚ್ಚು ಸವೆಯುತ್ತದೆ. ಇಂಥ ಕಿಟ್‌ನಲ್ಲಿ ಒಂದು ಭಾಗ ಇನ್ನೊಂದರೊಳಗೆ ತಾನಾಗಿ ಕೂರಲು ಗೂಟ-ಗುಳಿಗಳಿರುವುದಿಲ್ಲ. ಅಂಚುಗಳಲ್ಲಿ ಹೆಚ್ಚುವರಿ ಪ್ಲಾಸ್ಟಿಕ್ಕು ರೊಟ್ಟಿಯ ಅಂಚಿನಂತೆ ಹರಿದಿರುತ್ತದೆ. ಐದೇ ಆದ ವಿಮಾನಕ್ಕೆ ಕೆಲವೇ ಆದ ಕಿಟ್ಟು ತಕ್ಕದ್ದೇ ಆಯಿತೆನ್ನಿ.

ನಾವು ಆರಿಸಿದ್ದು 32ರಲ್ಲಿ 1ರ ಅಳತೆಯದು. ಹಾಕ್‌ನ ರೆಕ್ಕೆಯ ತುದಿಯಿಂದ ತುದಿಗೆ 37 ಅಡಿಗೂ ಮೇಲೆ. ಮಾದರಿಯಲ್ಲಿ ಅದು ಸುಮಾರು 35 ಸೆಂಟಿಮೀಟರ್. ಇನ್ನೂ ಚಿಕ್ಕವು ದೊರೆಯುತ್ತಿದ್ದವು, ಆದರೆ ಕಣ್ಣಿಲ್ಲದ ಕೈಗೆ ದೊಡ್ಡದೇ ಬೇಕು. ಬೆಲೆಯನ್ನು ನಾವು ಮನೆಯಲ್ಲಿ ಪೂರ್ತಿಯಾಗಿ ಹೇಳಲಿಲ್ಲ. ಮನೆಯವರು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ, “ಕೊಲ್ಲೋ ಯಂತ್ರ ಇದು. ದೇವರ ಜಗುಲಿ ಇರುವ ಕೋಣೆಗೆ ತರಬೇಡಿ” ಎಂದರು. ಅವರ ಮಾತು ತಪ್ಪೆಂದು ನಾವು ಹೇಳಲಾರೆವು. ನಡುಮನೆಯ ಕಿಟಕಿಯ ಬಳಿ ಮೇಜು ಹಾಕಿಕೊಂಡೆವು.

ಮೊದಲ ಭಾನುವಾರ ಬಿಡಿಭಾಗಗಳನ್ನೆಲ್ಲ ಸೋಪಿನ ನೀರಿನಲ್ಲಿ ತೊಳೆದು ಮೊರದಲ್ಲಿ ಒಣಗಹಾಕಿದೆವು. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಬಳಿದ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಅನಂತರ ಒಂದೂವರೆ ತಿಂಗಳು ನಡೆದದ್ದು ಬರಿಯ ಉಜ್ಜುವ ಕೆಲಸ. ಅಂಟು ಹಾಕುವ ಮೊದಲು ಒಡಲಿನ ಎರಡು ಹೋಳುಗಳನ್ನು ಟೇಪಿನಿಂದ ಬಿಗಿದು ನೋಡುವುದು, ಎಲ್ಲಿ ತಾಗುತ್ತದೋ ಅಲ್ಲಿ ಗುರುತು ಹಾಕಿ ಬಿಚ್ಚುವುದು, ಸ್ಯಾಂಡ್‌ಪೇಪರಿನಿಂದ ತಿಕ್ಕುವುದು, ಮತ್ತೆ ಬಿಗಿಯುವುದು. ರೆಕ್ಕೆಯ ಹಿಂಬದಿಯ ಅಂಚು ದೋಸೆಯಷ್ಟು ದಪ್ಪವಿತ್ತು. ಅದನ್ನು ಒಳಮುಖದಿಂದ ಹೆರೆದು ಬಾಳೆಲೆಯಷ್ಟು ತೆಳ್ಳಗೆ ಮಾಡಬೇಕಾಯಿತು. ಚಾಲಕನ ಕೋಣೆಯ ಸಾಮಗ್ರಿಯು ರೆಸಿನ್ ಎಂಬ ಬೇರೆ ವಸ್ತುವಿನದು. ಅದರ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲವಾದ್ದರಿಂದ ನೀರು ಹಚ್ಚಿಯೇ ತಿಕ್ಕಬೇಕು. ಮನೆಯಲ್ಲಿ ಮಕ್ಕಳಿರುವವರು ಇದನ್ನು ಮರೆಯಬಾರದು. ಕಾಲಿನಲ್ಲಿ ತುಳಿಯುವ ಪೆಡಲುಗಳು ಹಿತ್ತಾಳೆ ತಗಡಿನವು, ಅಕ್ಕಿಕಾಳಿಗಿಂತ ಸಣ್ಣವು. ಒಂದು ಚಿಮ್ಮಟಿಗೆಯಿಂದ ಹಾರಿ ಎಲ್ಲೋ ಹೋಯಿತು. ಇಂದಿಗೂ ಸಿಕ್ಕಿಲ್ಲ. ಒಳಗಿರುವುದರಿಂದ ಯಾರಿಗೂ ಕಾಣದು ಎಂದು ಮೊಮ್ಮಗ ಸಮಾಧಾನ ಹೇಳಿದ. ಗುಟ್ಟು ವಾಚಕರಲ್ಲಿಯೇ ಇರಲಿ.

ತೊಡಕು ಬಂದದ್ದು ಮೂತಿಯಲ್ಲಿ. ಹಾಕ್‌ನಲ್ಲಿ ಎರಡು ಬಗೆಯ ಎಂಜಿನ್ನುಗಳಿದ್ದವು. ಬೆಂಗಳೂರಿನಲ್ಲಿ ಕಟ್ಟಿದವುಗಳಿಗೆ ಇದ್ದದ್ದು ರೈಟ್ ಕಂಪನಿಯ ಸೈಕ್ಲೋನ್. 9 ಸಿಲಿಂಡರುಗಳು ಹೂವಿನ ಎಸಳಿನಂತೆ ವೃತ್ತಾಕಾರವಾಗಿ ನಿಂತಿರುತ್ತವೆ. ಅದನ್ನು ಸುತ್ತುವರಿಯುವ ಮೇಲ್ಕವಚ ಅಗಲ, ಆದರೆ ಗಿಡ್ಡ. ನಮ್ಮ ಪೆಟ್ಟಿಗೆಯಲ್ಲಿದ್ದ ಆ ಕವಚ ಒಂದು ಬದಿಗೆ ಸೊಟ್ಟಗಾಗಿತ್ತು. ಬಿಸಿನೀರಿನಲ್ಲಿ ಅದ್ದಿ ತಿದ್ದಲು ಹೋಗಿ ಇನ್ನೊಂದು ಬದಿಯನ್ನೂ ಕೆಡಿಸಿದೆವು. ವಿಮಾನ ಮೂತಿಯಿಲ್ಲದೆ ಮೂರು ವಾರ ಕಿಟಕಿಯಲ್ಲಿ ಕುಳಿತಿತ್ತು. ದುಂಡಗಿರುವುದನ್ನು ದುಂಡಗೆ ಮಾಡುವವರು ಹನ್ನೆರಡು ಕಿಲೋಮೀಟರ್ ದೂರದಲ್ಲೇ ಇದ್ದಾರೆಂಬುದು ನಮಗೆ ಹೊಳೆಯಲು ಅಷ್ಟು ದಿನ ಬೇಕಾಯಿತು.

ಚನ್ನಪಟ್ಟಣದಲ್ಲಿ ಮೂರು ತಲೆಮಾರಿನಿಂದ ಗೊಂಬೆ ಮಾಡುವ ಸಾಹೇಬರೊಬ್ಬರ ಬಾಗಿಲಿಗೆ ಹೋದೆವು. ಅಂಗಳದಲ್ಲಿ ಹಾಲೆಮರದ ಕೊಂಬೆಗಳು ಒಣಗುತ್ತಿದ್ದವು. ಗಂಟಿಲ್ಲದ, ನುಣುಪಾದ, ಬಿಳಿಯ ಮರವದು. ನಾವು ಬರೆದು ತಂದಿದ್ದ ನಕ್ಷೆಯನ್ನು ಅವರು ತಿರುಗಿಸಿ ನೋಡಿ, “ಇದು ಬಟ್ಟಲೋ ಬಳೆಯೋ, ಏನು ಸ್ವಾಮಿ?” ಎಂದರು. ವಿಮಾನದ ಮೂತಿ ಎಂದೆವು. “ಮಕ್ಕಳ ವಿಮಾನ ಎಷ್ಟೋ ಮಾಡಿದ್ದೀವಿ. ಇಷ್ಟು ಕಟ್ಟುನಿಟ್ಟಿನ ಮೂತಿ ಯಾರೂ ಕೇಳಿರಲಿಲ್ಲ.”

ವ್ಯಾಸ 4 ಸೆಂಟಿಮೀಟರಿಗೆ ತುಸು ಹೆಚ್ಚು, ಗೋಡೆಯ ದಪ್ಪ 2 ಮಿಲಿಮೀಟರಿಗೆ ಮೀರಬಾರದು. ಲೇತ್ ಯಂತ್ರ ತಿರುಗಿತು, ಉಳಿ ತಾಗಿದೊಡನೆ ಮರ ರಿಬ್ಬನ್ನಿನಂತೆ ಬಿಚ್ಚಿಕೊಂಡು ಬಂತು. ಮೊದಲನೆಯದು ಒಡೆಯಿತು. ಎರಡನೆಯದೂ ಒಡೆಯಿತು. ಮೂರನೆಯ ಬಾರಿ ಅವರು ಒಳಭಾಗವನ್ನು ಮೊದಲು ತೋಡಿ, ಆ ಟೊಳ್ಳಿಗೆ ಸರಿಯಾಗಿ ಕೂರುವ ಮರದ ಗುಂಡೊಂದನ್ನು ಮಾಡಿ ತುಂಬಿ, ಆಮೇಲೆ ಹೊರಮೈಯನ್ನು ಕಡೆದರು. ಒಳಗಿನಿಂದ ಆಧಾರವಿದ್ದರೆ ಹೊರಗಿನ ಏಟು ತಾಳುತ್ತದೆ. ನಮಗೆ ಉಕ್ಕಿನ ತುಂಡು ಹಿಡಿದು ಕತ್ತಲಲ್ಲಿ ಕುಳಿತ ಹುಡುಗನೊಬ್ಬ ನೆನಪಾದನು.

ಎಂದಿನ ಅಭ್ಯಾಸದಂತೆ ಅವರು ಅರಗಿನ ಕಡ್ಡಿಯನ್ನೂ ಕೈಗೆತ್ತಿಕೊಂಡರು. ತಿರುಗುವ ಮರಕ್ಕೆ ಒತ್ತಿದಾಗ ಹುಟ್ಟುವ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ಕೇದಗೆಯ ಗರಿಯಿಂದ ತಿಕ್ಕಿದರೆ ಕನ್ನಡಿಯ ಹೊಳಪು ಬರುತ್ತದೆ. ಬೇಡವೆಂದೆವು, ಯುದ್ಧದ ವಿಮಾನ ಹೊಳೆಯಬಾರದು, ಶತ್ರುವಿಗೆ ಕಾಣಬಾರದು. ಅವರಿಗೆ ಅದು ಅಷ್ಟು ಒಪ್ಪಿಗೆಯಾಗಲಿಲ್ಲ. “ಹೊಳಪಿಲ್ಲದೆ ನಮ್ಮ ಮನೆಯಿಂದ ಯಾವುದೂ ಹೊರಗೆ ಹೋಗಿಲ್ಲ” ಎಂದು, ಹೊರಗೆ ಬಿಟ್ಟು ಒಳಮೈಗೆ ಮಾತ್ರ ಹಳದಿ ಅರಗನ್ನು ಹಚ್ಚಿಯೇ ಕೊಟ್ಟರು. ಮಾದರಿಯ ಮೂತಿಯೊಳಗೆ ಬಗ್ಗಿ ನೋಡಿದರೆ ಆ ಹಳದಿ ಈಗಲೂ ಮಿನುಗುತ್ತದೆ. ಚನ್ನಪಟ್ಟಣದ ಗೊಂಬೆಗಾರಿಕೆಯ ಪಿತಾಮಹರೆಂದು ಆ ಊರಿನವರು ನೆನೆಯುವ ಬಾವಾಸ್ ಮಿಯಾನರು ಜಪಾನಿನ ವಿಧಾನವನ್ನು ಅಳವಡಿಸಿಕೊಂಡವರೆಂಬ ಪ್ರತೀತಿಯಿದೆ. ಜಪಾನಿನ ಮೇಲೆ ಹಾರಿಸಲೆಂದು ಕಟ್ಟಿದ ವಿಮಾನಕ್ಕೆ ಜಪಾನಿನ ಕೈಚಳಕದ ಮೂತಿ! ಸಾಹೇಬರು ಮೂರೂ ಮೂತಿಗಳ ಕೂಲಿಯನ್ನು ಲೆಕ್ಕ ಹಾಕಿ ತೆಗೆದುಕೊಂಡರು. ಅದು ನ್ಯಾಯವೇ ಆಗಿತ್ತು.

ಬಣ್ಣದ ವಿಷಯದಲ್ಲಿ ಒಂದೆರಡು ಮಾತು. ಬ್ರಿಟಿಷ್ ವಾಯುಪಡೆಯಲ್ಲಿ ಹಾಕ್‌ಗೆ ಮೊಹಾಕ್ ಎಂದು ಹೆಸರು. ಫ್ರಾನ್ಸಿನ ಬೇಡಿಕೆಯ ಮೇರೆಗೆ ತಯಾರಾಗುತ್ತಿದ್ದವು 1940ರಲ್ಲಿ ಆ ದೇಶ ಸೋತಾಗ ಬ್ರಿಟನ್ನಿಗೆ ಬಂದವು. ಅವುಗಳಲ್ಲಿ ಹಲವು ಭಾರತಕ್ಕೆ ಬಂದು, 5ನೆಯ ಮತ್ತು 155ನೆಯ ಸ್ಕ್ವಾಡ್ರನ್‌ಗಳಲ್ಲಿ ಅಸ್ಸಾಂ-ಬರ್ಮಾಗಳ ಮೇಲೆ ಹಾರಿದವು. ನಮ್ಮ ಐದೂ ಅವುಗಳ ಸಾಲಿಗೇ ಸೇರಿದವು. 1944ರ ಆರಂಭದ ವೇಳೆಗೆ ಮೊಹಾಕ್‌ಗಳ ಕಾಲ ಮುಗಿಯಿತು. ಮೇಲ್ಮೈಗೆ ಕಡುಮಣ್ಣಿನ ಬಣ್ಣ ಮತ್ತು ಕಡುಹಸಿರು, ಅಡಿಮೈಗೆ ತಿಳಿಬಣ್ಣ. ರೆಕ್ಕೆಯ ಮೇಲಿನ ಬ್ರಿಟಿಷ್ ಚಕ್ರದ ನಡುವೆ ಕೆಂಪು ಬೊಟ್ಟಿರುವುದು ವಾಡಿಕೆ. ಆದರೆ ಜಪಾನೀ ವಿಮಾನಗಳ ಗುರುತೂ ಕೆಂಪು ಸೂರ್ಯನೇ ಆದ್ದರಿಂದ, ತಮ್ಮವರೇ ತಮ್ಮವರನ್ನು ಹೊಡೆಯಬಾರದೆಂದು ಈ ಭಾಗದಲ್ಲಿ ಆ ಕೆಂಪನ್ನು ಅಳಿಸಿಬಿಟ್ಟರು. ನಾವೂ ಕೆಂಪಿಲ್ಲದ ಚಕ್ರವನ್ನೇ ಅಂಟಿಸಿದೆವು. ನೋಡಲು ಬಂದ ಪಕ್ಕದ ಮನೆಯ ಹುಡುಗಿ “ಅಜ್ಜ, ಕುಂಕುಮ ಮರೆತಿದ್ದೀರಿ” ಎಂದಳು.

ಬಂದೂಕಿನ ನಳಿಕೆಗಳನ್ನು ಹಾಕಬೇಕೇ ಬಿಡಬೇಕೇ ಎಂಬ ಜಿಜ್ಞಾಸೆ ನಡೆಯಿತು. ಮೂತಿಯ ಮೇಲೆ 2, ರೆಕ್ಕೆಗಳಲ್ಲಿ 4. ಮನೆಯವರಿಗಾಗಿ ಬಿಟ್ಟುಬಿಡೋಣವೆಂದು ಒಮ್ಮೆ ಅನಿಸಿತು. ಆದರೆ ಇದ್ದುದನ್ನು ಇರಲಿಲ್ಲವೆಂದು ತೋರಿಸುವುದು ದೊಡ್ಡಪ್ಪನವರ ಮಾತಿಗೆ ಎರಡನೆಯ ಬಾರಿ ಮಾಡುವ ಅನ್ಯಾಯವಾದೀತು. ಹೊಲಿಗೆಯ ಸೂಜಿಗಳ ತುಂಡುಗಳನ್ನು ಇಟ್ಟೆವು. ಸೂಜಿ ಕೊಟ್ಟವರು ಮನೆಯವರೇ.

ಉಳಿದದ್ದು ರಿವೆಟ್ಟುಗಳು. ಸಂದುಗಳಿಗೆ ಪುಟ್ಟಿ ತುಂಬಿ ತಿಕ್ಕುವಾಗ ಅಚ್ಚಿನಲ್ಲಿದ್ದ ರಿವೆಟ್ಟಿನ ಗುರುತುಗಳೂ ಅಳಿಸಿಹೋಗಿದ್ದವು. ಬಣ್ಣಕ್ಕೆ ಮೊದಲೇ ಸೂಜಿಮೊನೆಯಿಂದ ಮತ್ತೆ ಒತ್ತಬೇಕಾಗಿತ್ತು. ಎಷ್ಟೆಷ್ಟು ದೂರಕ್ಕೆ? ಆ ಪ್ರಶ್ನೆಯನ್ನು ಹೊತ್ತು ನಾವು ಮಾಗಡಿಯ ಕಡೆ ನಮ್ಮ ಹಳ್ಳಿಗೆ ಹೋದೆವು. ಅಲ್ಲಿ ಹಳೆಯ ದನದ ಕೊಟ್ಟಿಗೆಗೆ ದೊಡ್ಡಪ್ಪನವರು ರಜೆಯಲ್ಲಿ ಬಂದಾಗ ಹೊದಿಸಿದ ತಗಡಿನ ಮಾಡು ಇನ್ನೂ ಇದೆ. ಸಾವನದುರ್ಗ ದೂರದಲ್ಲಿ ಕಾಣುವ ಆ ಹಿತ್ತಲಿನಲ್ಲಿ ಏಣಿ ಹಾಕಿ ಮೊಮ್ಮಗ ಮೇಲೇರಿ ಅಳೆದ. ತುಕ್ಕು ಹಿಡಿದ ಮೊಳೆಗಳು, ಒಂದರಿಂದ ಇನ್ನೊಂದಕ್ಕೆ ಎರಡು ಅಂಗುಲ. ಸಾಲು ಮುಗಿಯುವವರೆಗೂ ಎರಡೇ ಅಂಗುಲ. ದನದ ಕೊಟ್ಟಿಗೆಗೆ ಅಷ್ಟು ಮೊಳೆ ಯಾರು ಹೊಡೆಯುತ್ತಾರೆ! ವಿಮಾನದಲ್ಲಿ ರಿವೆಟ್ಟುಗಳು ಇನ್ನೂ ಒತ್ತಾಗಿರುವುದುಂಟು. ಆದರೂ ನಮ್ಮ ಮಾದರಿಗೆ ಕೊಟ್ಟಿಗೆಯ ಅಳತೆಯನ್ನೇ ಹಿಡಿದೆವು. 32ರಲ್ಲಿ 1 ಎಂದರೆ ಒಂದೂವರೆ ಮಿಲಿಮೀಟರಿಗೆ ಕೊಂಚ ಹೆಚ್ಚು. ಮೇಲ್ಭಾಗವನ್ನು ಹಗಲಿನಲ್ಲಿ ಒತ್ತಿದೆವು. ಹೊಟ್ಟೆಯ ಭಾಗ ಉಳಿದದ್ದನ್ನು ಒಂದು ಸಂಜೆ, ವಿದ್ಯುತ್ತು ಹೋದ ಮೇಲೆ, ಟಾರ್ಚಿನ ಬೆಳಕಿನಲ್ಲಿ ಮುಗಿಸಿದೆವು.

ಆರು ತಿಂಗಳು ತುಂಬಿದ ಮೇಲೆ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿರಿಸಿಕೊಂಡು ಕನಕಪುರಕ್ಕೆ ಒಯ್ದೆವು. ದೊಡ್ಡಮ್ಮನವರು ಜಗುಲಿಯ ಮೇಲೆ ಬಿಸಿಲಿಗೆ ಕುಳಿತಿದ್ದರು. ನಾವು ಪುಸ್ತಕದ ಸಂಗತಿಯನ್ನು ಹೇಳಿದೆವು: 1942, ಜುಲೈ 31, ಒಂದು, ಆಮೇಲೆ ನಾಲ್ಕು. ಅವರು ಅಚ್ಚರಿಪಡಲಿಲ್ಲ. “ಅವರು ಹೇಳ್ತಿರಲಿಲ್ಲವೇನಪ್ಪಾ ಐದು ಅಂತ. ನಾನು ಎಂದೂ ಆರು ಅಂದಿಲ್ಲವಲ್ಲ” ಎಂದರು. ನಂಬದೆ ಇದ್ದವರು ನಾವೇ ಎಂಬುದು ಆಗ ತಿಳಿಯಿತು.

ಮಾದರಿಯನ್ನು ಮಡಿಲಿಗೆ ಇಟ್ಟೆವು. ಮೊದಲು ಮೂತಿ ಮುಟ್ಟಿದರು. “ಇದು ಮರ” ಎಂದರು ಕೂಡಲೇ. ಅಷ್ಟು ಬಣ್ಣದ ಕೆಳಗೂ ಅದು ಹೇಗೆ ತಿಳಿಯಿತೋ! ರೆಕ್ಕೆಯ ಉದ್ದಕ್ಕೂ ಬೆರಳು ಹೋಯಿತು, ಗಾಜಿನ ಕಮಾನಿನ ಮೇಲೆ ಬಂತು. “ಇವರು ಎಲ್ಲಿ ಕೂರ್ತಿದ್ದರು?” ಎಂದು ಕೇಳಿದರು. ಚಾಲಕನ ಜಾಗಕ್ಕೂ ಬಾಲಕ್ಕೂ ನಡುವಣ ಒಡಲಿನ ಮೇಲೆ ಅವರ ಬೆರಳನ್ನು ಇಟ್ಟು, ಇದರೊಳಗೆ ಎಂದೆವು. ಅಲ್ಲಿಯೇ ಬಹಳ ಹೊತ್ತು ಕೈ ಇಟ್ಟುಕೊಂಡಿದ್ದರು. ಆಮೇಲೆ ನಿಧಾನವಾಗಿ ಅದನ್ನು ಮಗುಚಿ ಹೊಟ್ಟೆಯ ಕಡೆಯ ಸಾಲುಗಳನ್ನು ಉಗುರಿನಿಂದ ಸವರತೊಡಗಿದರು. ಒಂದು ಕಡೆ ಬೆರಳು ನಿಂತಿತು. ಹಿಂದೆ ಬಂದು ಮತ್ತೆ ಮುಂದಕ್ಕೆ ಹೋಯಿತು.

“ಇಲ್ಲಿ ಸಾಲು ಸೊಟ್ಟ ಇದೆಯಲ್ಲಪ್ಪಾ” ಎಂದರು. “ಅವರು ಇದ್ದಿದ್ದರೆ ಕಿತ್ತು ಹೊಸದಾಗಿ ಹೊಡೆಸ್ತಿದ್ದರು.”

ಮೊಮ್ಮಗ ನಮ್ಮ ಮುಖ ನೋಡಿದ, ನಾವು ಅವನ ಮುಖ ನೋಡಿದೆವು. ಟಾರ್ಚಿನ ಬೆಳಕಿನ ಆ ಸಂಜೆಯ ಸಾಲೇ ಅದು. ಮಾದರಿ ಈಗ ಮತ್ತೆ ರಾಮನಗರದ ಕಿಟಕಿಯ ಬಳಿ, ಹೊಟ್ಟೆ ಮೇಲಾಗಿ ಮಲಗಿದೆ. ಆ ಭಾಗದ ಬಣ್ಣವನ್ನು ಕೆರೆದಿದ್ದೇವೆ, ಹಳೆಯ ಚುಕ್ಕೆಗಳನ್ನು ಮುಚ್ಚಿದ್ದೇವೆ. ಅಳತೆಪಟ್ಟಿ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದಾಗಿದೆ. ಪುಟ್ಟಿ ಒಣಗಿದ ಕೂಡಲೇ ಹಗಲು ಹೊತ್ತಿನಲ್ಲಿ ಒತ್ತಬೇಕು. ಮುಂದಿನ ಹುಣ್ಣಿಮೆಯೊಳಗೆ ಕನಕಪುರಕ್ಕೆ ತರುತ್ತೇವೆಂದು ದೊಡ್ಡಮ್ಮನವರಿಗೆ ಮಾತು ಕೊಟ್ಟಿದ್ದೇವೆ.